ಬೋರ್‌ವೆಲ್ ನೀರಿಗೆ ಬಿರುಸಾದ ರೇಷ್ಮೆ ದಿಂಬಿನ ಕವರ್

ಹಳೇ ಮೈಸೂರು ರೇಷ್ಮೆ ಸೀರೆಯಿಂದ ಹೊಲಿಸಿದ ದಿಂಬಿನ ಕವರ್‌ಗಳು ಕೆಲವೇ ಒಗೆತಕ್ಕೆ ಬಿರುಸಾದವು. ಹೊಲಿಗೆಯ ಮೇಲೆ ಬೆರಳಾಡಿಸಿದರೆ ಬಿಳಿ ಪುಡಿ ಅಂಟುತ್ತಿತ್ತು. ಬಚ್ಚಲಿನ ನಲ್ಲಿ ಬಾಯಲ್ಲೂ ಅದೇ ಬಿಳಿ ಪದರ ಕಂಡಾಗ ಕಾರಣ ಹೊಳೆಯಿತು. ನಮ್ಮದು ಬೋರ್‌ವೆಲ್ ನೀರು, ಗಡಸು. ಅದರ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ, ಕರಗದ ಜಿಡ್ಡಾಗಿ ಎಳೆಗಳ ಮೇಲೆ ಕೂರುತ್ತದೆ.

ಮೊದಲು ಸೋಪಿನ ಪುಡಿ ಬಿಟ್ಟೆ. ರೇಷ್ಮೆ ನಮ್ಮ ಕೂದಲಿನ ಹಾಗೆ ಪ್ರೋಟೀನ್. ಕ್ಷಾರ ಜಾಸ್ತಿಯಾದರೆ ಸವೆಯುತ್ತದೆ. ಎನ್‌ಝೈಮ್ ಇರುವ ಪುಡಿಯಂತೂ ಬೇಡವೇ ಬೇಡ. ಕಲೆಯ ಪ್ರೋಟೀನ್ ತಿನ್ನುವ ಪ್ರೋಟಿಯೇಸ್ ಅನ್ನೋ ಎನ್‌ಝೈಮ್‌ಗೆ ರೇಷ್ಮೆಯೂ ಊಟವೇ! ಈಗ ಅರ್ಧ ಬಕೆಟ್ ತಣ್ಣೀರಿಗೆ ಚೂರು ಬೇಬಿ ಶಾಂಪೂ ಸಾಕು. ಕೊನೆಗೆ ಜಾಲಿಸುವ ನೀರಿಗೆ ಒಂದೆರಡು ಚಮಚ ಬಿಳಿ ವಿನೆಗರ್. ಅಸಲಿ ಕೆಲಸ ಮಾಡಿದ್ದು ಇದೇ, ಜಿಡ್ಡು ಬಿಟ್ಟುಕೊಂಡಿತು. ಹುಳಿ ವಾಸನೆ ಒಣಗುವಷ್ಟರಲ್ಲಿ ಹೋಗುತ್ತದೆ, ಸುಮ್ನೆ ಹೆದರಬೇಡಿ. ಜರಿ ಅಂಚನ್ನು ಮೊದಲೇ ಬಿಚ್ಚಿಸಿದ್ದೆ. ಇದ್ದಿದ್ದರೆ ವಿನೆಗರ್ ಹಾಕುತ್ತಿರಲಿಲ್ಲ.

ಹಿಂಡುವುದಿಲ್ಲ. ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ, ನೆರಳಲ್ಲಿ ಹರಡುತ್ತೇನೆ. ಬಿಸಿಲು ಬಣ್ಣವನ್ನಷ್ಟೇ ಅಲ್ಲ, ಎಳೆಯ ಗಟ್ಟಿತನವನ್ನೂ ತಿನ್ನುತ್ತದೆ. ಸ್ವಲ್ಪ ತೇವ ಇರುವಾಗಲೇ ಒಳಮೈಗೆ ಕಡಿಮೆ ಬಿಸಿಯ ಇಸ್ತ್ರಿ.

ಮೆದುತನ ಬಹುಪಾಲು ಮರಳಿದೆ. ಹೊಳಪು ಮಾತ್ರ ಮೊದಲಿನಷ್ಟಿಲ್ಲ.