ಕೆಲಸಕ್ಕೆ ಸೈಕಲ್, ಜೊತೆಗೆ ಓಟದ ತಯಾರಿ: ಎರಡನ್ನೂ ಹೊಂದಿಸುವುದು ಹೇಗೆ?

ದಿನಾ ಸೈಕಲ್ ತುಳಿದು ಕೆಲಸಕ್ಕೆ ಹೋಗುವವರಿಗೆ ಓಟ ಶುರು ಮಾಡಿದ ಮೊದಲ ಎರಡು ವಾರ ಬಹಳ ಸಲೀಸು ಅನ್ನಿಸುತ್ತದೆ. ಏದುಸಿರು ಬರುವುದಿಲ್ಲ. ಜೊತೆಯವರು ಸೊಂಟಕ್ಕೆ ಕೈಕೊಟ್ಟು ನಿಂತರೂ ಇವರು ಇನ್ನೊಂದು ಸುತ್ತು ಹೊಡೆಯುತ್ತಾರೆ. ಮೂರನೇ ವಾರವೋ ನಾಲ್ಕನೇ ವಾರವೋ ಮೊಣಕಾಲಿನ ಕೆಳಗೆ, ಮುಂಭಾಗದ ಎಲುಬು ನೋಯಲು ಶುರುವಾಗುತ್ತದೆ. ಬಳ್ಳಾರಿಯ ಮುನಿಸಿಪಲ್ ಮೈದಾನದಲ್ಲಿ ಪೊಲೀಸ್ ಭರ್ತಿಯ 1600 ಮೀಟರ್ ಓಟಕ್ಕೆ ತಯಾರಾಗುವ ಹುಡುಗರನ್ನು ಕೇಳಿ ನೋಡಿ, ಈ ನೋವು ಗೊತ್ತಿರುವವರು ಒಬ್ಬರಾದರೂ ಸಿಗುತ್ತಾರೆ.

ಸೈಕಲ್ ಮೇಲೆ ನಿಮ್ಮ ಭಾರವನ್ನು ಸೀಟು ಹೊರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡರಿಂದ ಮೂರು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಸೈಕಲ್‌ನಿಂದ ನಿಮಗೆ ದಮ್ಮು ಬಂದಿದೆ, ನಿಜ. ಆದರೆ ಎಲುಬು ಮತ್ತು ಅದಕ್ಕೆ ಅಂಟಿದ ಸ್ನಾಯುಗಳು ಆ ಹೊಡೆತಕ್ಕೆ ಪಳಗಲು ತಿಂಗಳುಗಟ್ಟಲೆ ಬೇಕು. ದಮ್ಮು ಇದೆ ಅಂತ ಓಟ ಹೆಚ್ಚಿಸಿದರೆ ಕಾಲು ಕೈಕೊಡುತ್ತದೆ. ಓಟವನ್ನು ಕಾಲು ತಾಳುವಷ್ಟೇ ಬೆಳೆಸಬೇಕು, ಸೈಕಲ್ ಸವಾರಿಯನ್ನು ಬಿಡದೆ ತರಬೇತಿಯ ಲೆಕ್ಕಕ್ಕೆ ಸೇರಿಸಬೇಕು. ಈ ಎರಡು ಕೆಲಸ ಮಾಡಿದರೆ ಉಳಿದದ್ದು ಹೊಂದಿಕೊಳ್ಳುತ್ತದೆ.

ಮೊದಲು ಒಂದು ವಾರದ ಲೆಕ್ಕ ಬರೆಯಿರಿ

ಒಂದು ನೋಟ್‌ಬುಕ್‌ನಲ್ಲಿ ವಾರಕ್ಕೆ ಎಷ್ಟು ಕಿಲೋಮೀಟರ್ ಸೈಕಲ್ ತುಳಿಯುತ್ತೀರಿ ಅಂತ ಬರೆದಿಡಿ. ಸಮತಟ್ಟು ರಸ್ತೆಯಲ್ಲಿ ಮೂರರಿಂದ ನಾಲ್ಕು ಕಿಲೋಮೀಟರ್ ಸೈಕಲ್ ತುಳಿಯಲು ಬೇಕಾಗುವ ಶಕ್ತಿ, ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಓಡಲು ಬೇಕಾಗುವಷ್ಟು. ಮನೆಯಿಂದ ಕೆಲಸಕ್ಕೆ 7 ಕಿಲೋಮೀಟರ್ ಎಂದುಕೊಳ್ಳಿ. ಹೋಗಿ ಬಂದು 14, ಆರು ದಿನಕ್ಕೆ 84. ಅಂದರೆ ವಾರಕ್ಕೆ 21ರಿಂದ 28 ಕಿಲೋಮೀಟರ್ ಓಡಿದಷ್ಟು ಶ್ರಮ ಆಗಲೇ ಆಗಿದೆ. ಇದನ್ನು ಬರೀ ಓಡಾಟ ಅಂತ ಬಿಟ್ಟುಬಿಡುತ್ತೇವೆ, ಅಲ್ವಾ? ಮೊಬೈಲ್‌ನಲ್ಲಿ ಸಿಗುವ ತರಬೇತಿ ಪಟ್ಟಿಗಳಿಗೂ ಇದರ ಲೆಕ್ಕ ಇರುವುದಿಲ್ಲ. ಪಟ್ಟಿಯಲ್ಲಿ ವಾರಕ್ಕೆ ಐದು ದಿನ ಓಟ ಇದ್ದರೆ ನೀವು ಮೂರೇ ದಿನ ಓಡಿ. ಬಿಡಬೇಕಾದದ್ದು ನಿಧಾನ ಓಟದ ದಿನಗಳನ್ನು. ಆ ಕೆಲಸವನ್ನು ಸೈಕಲ್ ಮಾಡಿರುತ್ತದೆ.

ಈ ಲೆಕ್ಕ ದಮ್ಮಿಗೆ ಮಾತ್ರ. 84 ಕಿಲೋಮೀಟರ್ ತುಳಿದಿದ್ದೇನೆ, ಭಾನುವಾರ ಒಮ್ಮೆಲೇ 15 ಕಿಲೋಮೀಟರ್ ಓಡಬಲ್ಲೆ ಎಂದುಕೊಳ್ಳಬೇಡಿ.

ಸೀಟಿನ ಎತ್ತರ ನೋಡಿ

ನಮ್ಮ ಊರಿನಲ್ಲಿ ಹೆಚ್ಚಿನವರ ಸೈಕಲ್ ಸೀಟು ತಗ್ಗಾಗಿಯೇ ಇರುತ್ತದೆ. ನಿಂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು ಅನ್ನುವ ಆಸೆ. ಆದರೆ ಸೀಟು ತಗ್ಗಿದ್ದರೆ ಮಂಡಿ ಜಾಸ್ತಿ ಮಡಚಿ, ಚಿಪ್ಪಿನ ಸುತ್ತ ನೋವು ಬರುತ್ತದೆ. ಆ ಮಂಡಿಯಲ್ಲೇ ಮರುದಿನ ಓಡಬೇಕಲ್ಲ.

ಗೋಡೆಗೆ ಒರಗಿ ಸೀಟಿನ ಮೇಲೆ ಕುಳಿತುಕೊಳ್ಳಿ. ಒಂದು ಪೆಡಲ್ ಪೂರ್ತಿ ಕೆಳಗೆ ಬರಲಿ. ಅದರ ಮೇಲೆ ಹಿಮ್ಮಡಿ ಇಡಿ. ಕಾಲು ಪೂರ್ತಿ ನೇರವಾಗಬೇಕು, ಸೊಂಟ ಒಂದು ಕಡೆಗೆ ವಾಲಬಾರದು. ಈಗ ಪಾದದ ಮುಂಭಾಗವನ್ನು ಪೆಡಲ್ ಮೇಲೆ ಇಟ್ಟರೆ ಮಂಡಿ ತುಸು ಬಾಗುತ್ತದೆ. ಅಷ್ಟೇ ಬೇಕು. ಆಮೇಲೂ ಮಂಡಿಯ ಮುಂದೆ ನೋವಿದ್ದರೆ ಸೀಟು ಇನ್ನೂ ತಗ್ಗಿದೆ ಎಂದು ಅನುಮಾನಿಸಿ, ಮಂಡಿಯ ಹಿಂದೆ ನೋವಿದ್ದರೆ ಎತ್ತರ ಜಾಸ್ತಿಯಾಗಿದೆ ಎಂದು. ಒಮ್ಮೆಲೇ ಏರಿಸಬೇಡಿ, ಅರ್ಧ ಸೆಂಟಿಮೀಟರ್‌ನಂತೆ ಬದಲಾಯಿಸಿ ಎರಡು ಮೂರು ದಿನ ತುಳಿದು ನೋಡಿ.

ನಿಧಾನ ತುಳಿಯುವುದನ್ನು ರೂಢಿ ಮಾಡಿಕೊಳ್ಳಿ

ಕೆಲಸಕ್ಕೆ ಹೋಗುವ ಸವಾರಿ ನಮಗೆ ಗೊತ್ತಿಲ್ಲದೆ ರೇಸ್ ಆಗಿಬಿಡುತ್ತದೆ. ತಡವಾಯಿತು ಅಂತ ಒಮ್ಮೆ, ರೈಲ್ವೆ ಗೇಟ್ ಬೀಳುವ ಮುಂಚೆ ದಾಟಬೇಕು ಅಂತ ಇನ್ನೊಮ್ಮೆ. ಹೀಗೆ ದಿನಾ ಎರಡು ಹೊತ್ತು ಅರೆಬರೆ ಜೋರಿನಲ್ಲಿ ತುಳಿದರೆ ಕಾಲಿಗೆ ವಿಶ್ರಾಂತಿಯೂ ಇಲ್ಲ, ವೇಗವೂ ಬರುವುದಿಲ್ಲ. ಮನೆಯಿಂದ ಹತ್ತು ನಿಮಿಷ ಮುಂಚೆ ಹೊರಡಿ. ತುಳಿಯುತ್ತಲೇ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು, ಅದೇ ಸರಿಯಾದ ವೇಗ. ಗೇರ್ ಇದ್ದರೆ ಹಗುರ ಗೇರ್ ಹಾಕಿ, ನಿಮಿಷಕ್ಕೆ 80-90 ಸುತ್ತು ಪೆಡಲ್ ತಿರುಗುವಂತೆ ನೋಡಿಕೊಳ್ಳಿ. ಭಾರದ ಗೇರ್‌ನಲ್ಲಿ ಒತ್ತಿ ಒತ್ತಿ ತುಳಿದರೆ ತೊಡೆ ಬೇಗ ಸೋಲುತ್ತದೆ.

ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಜೋರು. ಕುಡಿತಿನಿ, ತೋರಣಗಲ್ಲು ಕಡೆ ಹೋಗುವವರಿಗೆ ಬೆಳಿಗ್ಗೆ ಎದುರುಗಾಳಿ. ಆ ದಿನಗಳಲ್ಲಿ ವೇಗ ನೋಡಬೇಡಿ, ಉಸಿರು ನೋಡಿ. ಅದೇ ಹೊಸಪೇಟೆ ರಸ್ತೆಯಲ್ಲಿ ಲಾರಿಗಳೂ ಜಾಸ್ತಿ, ಹಿಂದೆ ಕೆಂಪು ಲೈಟ್ ಇಲ್ಲದೆ ನಸುಕಿನಲ್ಲಿ ಹೊರಡಲೇಬೇಡಿ.

ಮೂರು ದಿನ ಓಟ

ಮಂಗಳವಾರ, ಗುರುವಾರ, ಭಾನುವಾರ ಎಂದು ಇಟ್ಟುಕೊಳ್ಳಿ. ಹೊಸಬರು ಮೊದಲ ನಾಲ್ಕು ವಾರ ಎರಡು ನಿಮಿಷ ಓಡಿ ಒಂದು ನಿಮಿಷ ನಡೆಯಿರಿ, ಒಟ್ಟು ಇಪ್ಪತ್ತೇ ನಿಮಿಷ. ಸಿಮೆಂಟ್ ರಸ್ತೆಗಿಂತ ಮಣ್ಣಿನ ಮೈದಾನ ಒಳ್ಳೆಯದು. ಇಷ್ಟು ಕಡಿಮೆ ಓಡಿದರೆ ಏನೂ ಮಾಡಿದಂತೆ ಅನ್ನಿಸುವುದಿಲ್ಲ. ಸೈಕಲ್ ತುಳಿಯುವವರಿಗೆ ಈ ತಾಳ್ಮೆಯೇ ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಮುಖ್ಯವೂ ಹೌದು. ಆಮೇಲೆ ವಾರದಿಂದ ವಾರಕ್ಕೆ ಶೇ 10ರಷ್ಟು ಮಾತ್ರ ಹೆಚ್ಚಿಸಿ, ಪ್ರತಿ ನಾಲ್ಕನೇ ವಾರ ಸ್ವಲ್ಪ ಇಳಿಸಿ.

ಎರಡು ತಿಂಗಳ ನಂತರ ಗುರುವಾರವನ್ನು ವೇಗದ ದಿನ ಮಾಡಿ. 400 ಮೀಟರ್ ಜೋರಾಗಿ ಓಡಿ, ಉಸಿರು ಹತೋಟಿಗೆ ಬರುವವರೆಗೆ ನಡೆದು, ಮತ್ತೆ ಓಡಿ. ನಾಲ್ಕು ಸಲ ಸಾಕು. ವೇಗದ ಓಟವನ್ನು ಬೆಳಿಗ್ಗೆ, ಸೈಕಲ್ ಹತ್ತುವ ಮುಂಚೆ ಮುಗಿಸಿ. ಅದಾದ ಮೇಲಿನ ನಿಧಾನ ಸವಾರಿ ಕಾಲಿಗೆ ಹಿತವೇ. ಭಾನುವಾರ ದೂರದ ಓಟ, ಆ ದಿನ ಸೈಕಲ್ ಮನೆಯಲ್ಲೇ ಇರಲಿ.

ಕೆಲವರಿಗೆ ಸಂಜೆ ಬಿಟ್ಟರೆ ಬೇರೆ ಹೊತ್ತಿಲ್ಲ. ಸೈಕಲ್‌ನಿಂದ ಇಳಿದ ಕೂಡಲೇ ಓಡಿದರೆ ಕಾಲು ಮರದ ದಿಮ್ಮಿಯಂತೆ ಆಗಿರುತ್ತದೆ. ಐದು ನಿಮಿಷ ನಡೆಯಿರಿ, ಕಂಬ ಹಿಡಿದು ಒಂದೊಂದೇ ಕಾಲನ್ನು ಹಿಂದೆ ಮುಂದೆ ಬೀಸಿ, ಆಮೇಲೆ ತೀರಾ ನಿಧಾನ ಶುರು ಮಾಡಿ. ಸ್ವಲ್ಪ ಹೊತ್ತಿಗೆ ಕಾಲು ಬಿಡುತ್ತದೆ.

ಚಳಿಗಾಲದಲ್ಲಿ ಇನ್ನೊಂದು ಉಪಾಯವಿದೆ. ಬೆಳಿಗ್ಗೆ ಸೈಕಲ್‌ನಲ್ಲಿ ಹೋಗಿ, ಸಂಜೆ ಸೈಕಲ್‌ಗೆ ಆಫೀಸಿನಲ್ಲೇ ಬೀಗ ಹಾಕಿ ಓಡಿ ಮನೆಗೆ ಬನ್ನಿ. ಮರುದಿನ ಬಸ್ಸಿನಲ್ಲೋ ಆಟೋದಲ್ಲೋ ಹೋಗಿ, ಸಂಜೆ ಸೈಕಲ್ ತನ್ನಿ. ಓಟಕ್ಕೆ ಬೇರೆ ಸಮಯ ಹುಡುಕುವ ತಾಪತ್ರಯವೇ ಇಲ್ಲ. ಆರೇಳು ಕಿಲೋಮೀಟರ್ ಆರಾಮಾಗಿ ಓಡುವವರು ಮಾತ್ರ ಇದನ್ನು ಮಾಡಿ.

ಬಳ್ಳಾರಿಯ ಬಿಸಿಲು

ಏಪ್ರಿಲ್, ಮೇ ಬಂದರೆ ಮೇಲೆ ಹೇಳಿದ್ದೆಲ್ಲ ಬದಲಾಗಬೇಕು. 40 ಡಿಗ್ರಿ ದಾಟುವ ಊರು ನಮ್ಮದು. ದಿನದಲ್ಲಿ ಎಲ್ಲಕ್ಕಿಂತ ತಂಪು ಹೊತ್ತು ಸೂರ್ಯ ಹುಟ್ಟುವ ಮುಂಚಿನದು. ಐದಕ್ಕೆ ಶುರು ಮಾಡಿ ಆರಕ್ಕೆ ಓಟ ಮುಗಿಸಿ. ಹೊತ್ತು ಮುಳುಗಿದ ಮೇಲೆ ಓಡುತ್ತೇನೆ ಅಂದರೆ, ಹಗಲೆಲ್ಲ ಕಾದ ಡಾಂಬರು, ಕೋಟೆ ಗುಡ್ಡದ ಬಂಡೆ ಎಲ್ಲ ಏಳು ಗಂಟೆಗೂ ಬಿಸಿ ಉಗುಳುತ್ತಿರುತ್ತವೆ.

ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಆಗುತ್ತದೆ. ಹೋಗುವಾಗ ತಂಪು, ಬರುವಾಗ ನೆತ್ತಿ ಸುಡುವ ಬಿಸಿಲು. ಈ ಮಧ್ಯಾಹ್ನದ ಸವಾರಿಯನ್ನೇ ಆ ದಿನದ ಭಾರಿ ಕೆಲಸ ಎಂದು ನೋಟ್‌ಬುಕ್‌ನಲ್ಲಿ ಬರೆಯಿರಿ, ಸಂಜೆ ಮತ್ತೆ ಓಡಬೇಡಿ. ಹೊರಡುವ ಮುಂಚೆ ಒಂದು ಲೋಟ ನೀರು ಕುಡಿಯಿರಿ, ತಲೆ ಮತ್ತು ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಳ್ಳಿ. ಮೈ ಬಿಸಿಲಿಗೆ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು. ಬೇಸಿಗೆ ಶುರುವಾದ ಮೊದಲ ಎರಡು ವಾರ ಓಟ ಅರ್ಧಕ್ಕೆ ಇಳಿದರೂ ನಷ್ಟವಿಲ್ಲ.

ಓಟದ ಮುಂಚೆ ಮತ್ತು ನಂತರ ತೂಕ ನೋಡಿ. ಒಂದು ಕೆಜಿ ಇಳಿದಿದ್ದರೆ ಒಂದು ಲೀಟರ್ ನೀರು ಹೋಗಿದೆ ಎಂದರ್ಥ. ಬೆವರಿನ ಜೊತೆ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದು. ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಬಹಳ ಬೆವರಿದ ದಿನ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಸ್ವಲ್ಪ ಸ್ವಲ್ಪವೇ ಕುಡಿಯಿರಿ. ತಲೆ ಸುತ್ತು, ವಾಂತಿ, ಮಾತು ತೊದಲುವುದು ಕಂಡರೆ ಅಲ್ಲೇ ನಿಂತು ನೆರಳಿಗೆ ಹೋಗಿ. ಮೈಮೇಲೆ ನೀರು ಸುರಿಸಿಕೊಳ್ಳಿ, ಪಕ್ಕದವರನ್ನು ಕರೆದು ಆಸ್ಪತ್ರೆಗೆ ಹೋಗಿ.

ಓಡಿ ಬಂದು ಖಾಲಿ ಹೊಟ್ಟೆಯಲ್ಲಿ ಸೈಕಲ್ ಹತ್ತಬೇಡಿ. ಎರಡು ಬಾಳೆಹಣ್ಣು ಅಥವಾ ಒಂದು ತಟ್ಟೆ ಉಗ್ಗಾಣಿ ಆಗುತ್ತದೆ, ಮಿರ್ಚಿ ಮಾತ್ರ ಸಂಜೆಗಿರಲಿ. ಮಧ್ಯಾಹ್ನ ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಚಟ್ನಿ ಇದ್ದರೆ ಬೇರೆ ಪುಡಿ-ಪೌಡರ್ ಹುಡುಕುವುದು ಬೇಡ.

ಮುಳ್ಳು ಮತ್ತು ನೋವು

ರಸ್ತೆ ಬದಿಯ ಬಳ್ಳಾರಿ ಜಾಲಿ ಮುಳ್ಳು ಟೈರನ್ನು ಸುಲಭವಾಗಿ ತೂರುತ್ತದೆ. ಪಂಕ್ಚರ್ ಹಾಕಿದ ಮೇಲೆ ಟೈರಿನ ಒಳಗೆ ಬಟ್ಟೆ ಸುತ್ತಿದ ಬೆರಳಾಡಿಸಿ ನೋಡಿ. ಮುಳ್ಳಿನ ತುದಿ ಮುರಿದು ರಬ್ಬರಿನಲ್ಲೇ ಉಳಿದಿರುತ್ತದೆ, ಬಟ್ಟೆಗೆ ಸಿಕ್ಕಿ ಎಳೆಯುತ್ತದೆ. ಅದನ್ನು ತೆಗೆಯದಿದ್ದರೆ ಟ್ಯೂಬ್ ಮರುದಿನವೇ ಮತ್ತೆ ತೂತು. ಓಟದ ಶೂ ತಳವನ್ನೂ ಹೀಗೇ ನೋಡಿ.

ಕಾಲಿನ ನೋವಿನಲ್ಲಿ ಎರಡು ಬಗೆ. ಮೀನಖಂಡ, ತೊಡೆ ಪೂರ್ತಿ ಹಿಡಿದುಕೊಂಡಂತಿದ್ದು ಓಡಾಡಿದರೆ ಸಡಿಲವಾದರೆ ಅದು ದಣಿವು. ಒಂದು ದಿನ ಓಟ ಬಿಟ್ಟು ಸುಮ್ನೆ ಹಗುರವಾಗಿ ಸೈಕಲ್ ತುಳಿಯಿರಿ. ಎಲುಬಿನ ಒಂದೇ ಜಾಗದಲ್ಲಿ ಬೆರಳಿಟ್ಟರೆ ಚುರುಕ್ ಎಂದರೆ, ಅಥವಾ ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಓಟ ಅಂದೇ ನಿಲ್ಲಿಸಿ ಮೂಳೆ ಡಾಕ್ಟರ್‌ಗೆ ತೋರಿಸಿ. ಎಲುಬಿನಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಅದು ಮಾಯಲು ವಾರಗಳೇ ಬೇಕು. ಸೈಕಲ್ ತುಳಿಯಬಹುದೇ ಎಂದು ಅವರನ್ನೇ ಕೇಳಿ. ನೋವಿಲ್ಲದಿದ್ದರೆ ಎಷ್ಟೋ ಸಲ ಒಪ್ಪುತ್ತಾರೆ, ಓಟ ನಿಂತ ಆ ವಾರಗಳಲ್ಲೂ ದಮ್ಮು ಉಳಿಯುತ್ತದೆ.