ಅಲ್ಪವಿರಾಮ ಉಸಿರಿಗಲ್ಲ, ಅರ್ಥಕ್ಕೆ

‘ಅಣ್ಣ ಬಾಡಿಗೆ ಕೊಟ್ಟಿದ್ದಾನೆ’ ಎಂದು ತಂಗಿಯೊಬ್ಬಳು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಬರೆದಳೆನ್ನಿ. ಬಾಡಿಗೆ ಕೊಟ್ಟವನು ಅಣ್ಣನೇ? ಅಥವಾ ಬಾಡಿಗೆದಾರ ಕೊಟ್ಟ ವಿಷಯವನ್ನು ಅವಳು ಅಣ್ಣನಿಗೆ ತಿಳಿಸುತ್ತಿದ್ದಾಳೆಯೇ? ಎರಡನೆಯದಾದರೆ ‘ಅಣ್ಣ, ಬಾಡಿಗೆ ಕೊಟ್ಟಿದ್ದಾನೆ’ ಎಂದಿರಬೇಕು. ಕನ್ನಡದಲ್ಲಿ ಎಷ್ಟೋ ಸಲ ಕರ್ತೃಪದವನ್ನು ಬಿಟ್ಟೇ ಮಾತನಾಡುತ್ತೇವೆ. ಆ ಖಾಲಿ ಜಾಗದಲ್ಲಿ ಪಕ್ಕದ ಪದ ಬಂದು ಕೂರದಂತೆ ತಡೆಯುವುದು ಈ ಪುಟ್ಟ ಗೆರೆ. ಮುದ್ರಣಾಲಯದಲ್ಲಿ ಕರಡು ತಿದ್ದುವಾಗ ನಾನು ಅತಿ ಹೆಚ್ಚು ತಿದ್ದಿದ್ದೂ ಇದನ್ನೇ. ನಿಮ್ಮ ಬರಹದ ಚಿಹ್ನೆಗಳನ್ನು ನೀವೇ ತಿದ್ದಿಕೊಳ್ಳಲು ಆರು ಹೆಜ್ಜೆಗಳು ಇಲ್ಲಿವೆ.

ಹೆಜ್ಜೆ 1: ಕ್ರಿಯಾಪದ ಬಂದು ಮಾತು ಮುಗಿದರೆ ಪೂರ್ಣವಿರಾಮ ಇಡಿ. ‘ಅಪ್ಪ ಮನೆಗೆ ಬಂದರು ನಿನ್ನೆ ರಾತ್ರಿ ಜ್ವರ ಇತ್ತು’ ಎಂದು ಬರೆದರೆ ನಿನ್ನೆ ರಾತ್ರಿ ಆದದ್ದು ಮನೆಗೆ ಬಂದದ್ದೋ, ಜ್ವರವೋ ತಿಳಿಯುವುದಿಲ್ಲ. ಓದುವವರು ದೂರದ ಊರಿನಲ್ಲಿದ್ದರೆ ಗಾಬರಿಯಾಗುತ್ತಾರೆ.

ಹೆಜ್ಜೆ 2: ಇನ್ನು ಅಲ್ಪವಿರಾಮ. ‘ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರೋ ಅಲ್ಲಿ ಹಾಕಿ’ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದನ್ನು ದಯವಿಟ್ಟು ಮರೆತುಬಿಡಿ. ಆ ಪಾಠದಿಂದಲೇ ‘ನಾನು, ತಮ್ಮ ಕಚೇರಿಗೆ, ಅರ್ಜಿ ಸಲ್ಲಿಸಿದ್ದೇನೆ’ ಎಂಬಂಥ ವಾಕ್ಯಗಳು ಹುಟ್ಟುತ್ತವೆ. ‘ಕಚೇರಿಗೆ’ ಎಂಬಲ್ಲಿನ ‘ಗೆ’ ಆ ಪದದ ಕೆಲಸವೇನೆಂದು ಆಗಲೇ ಹೇಳಿದೆ. ವಿಭಕ್ತಿ ಪ್ರತ್ಯಯ ಮಾಡಿ ಮುಗಿಸಿದ ಕೆಲಸವನ್ನು ಚಿಹ್ನೆ ಮತ್ತೆ ಮಾಡಬೇಕಿಲ್ಲ.

ಪಟ್ಟಿಗೂ ಇದೇ ಮಾತು. ‘ಅಕ್ಕಿ, ಬೇಳೆ, ಬೆಲ್ಲ ತನ್ನಿ’ ಎಂಬಲ್ಲಿ ಅಲ್ಪವಿರಾಮ ಬೇಕು. ‘ಅಕ್ಕಿಯನ್ನೂ ಬೇಳೆಯನ್ನೂ ಬೆಲ್ಲವನ್ನೂ ತನ್ನಿ’ ಎಂದರೆ ಬೇಡ. ಪದಗಳನ್ನು ‘ಊ’ ಜೋಡಿಸಿಯಾಗಿದೆ. ‘ಮತ್ತು’ ಎಂಬುದರ ಹಿಂದೆ ಇಡುವುದಂತೂ ಇಂಗ್ಲಿಷಿನಿಂದ ಅಂಟಿಕೊಂಡ ಅಭ್ಯಾಸ, ಬಿಟ್ಟುಬಿಡಿ. ‘ಎದ್ದು, ಸ್ನಾನ ಮಾಡಿ, ತಿಂಡಿ ತಿಂದು ಹೊರಟೆ’ ಎಂಬಂಥ ಸಾಲಿನಲ್ಲಿ ನಡುವೆ ಇಡಬಹುದು, ಕೊನೆಯ ಕ್ರಿಯಾಪದದ ಹಿಂದೆ ಬೇಡ.

ಅಲ್ಪವಿರಾಮದಿಂದಲೂ ಸರಿಹೋಗದ ವಾಕ್ಯಗಳಿವೆ. ‘ನಿನ್ನೆ ಬಂದ ಮಾಲೀಕರ ಅಳಿಯ ಹಣ ಕೇಳಿದರು.’ ಬಂದದ್ದು ಮಾಲೀಕರೋ, ಅಳಿಯನೋ? ಇಲ್ಲಿ ‘ಬಂದ’ ಆದಮೇಲೆ ಚಿಹ್ನೆ ತುರುಕುವವರನ್ನು ನೋಡಿದ್ದೇನೆ. ಅದು ತೇಪೆ. ‘ಮಾಲೀಕರ ಅಳಿಯ ನಿನ್ನೆ ಬಂದು ಹಣ ಕೇಳಿದರು’ ಎಂದು ಪದಗಳ ಜಾಗವನ್ನೇ ಬದಲಿಸಿ.

ಹೆಜ್ಜೆ 3: ಪ್ರಶ್ನೆಯನ್ನು ವರದಿ ಮಾಡುವಾಗ ಪ್ರಶ್ನಾರ್ಥಕ ಚಿಹ್ನೆ ಬೇಡ. ‘ಅವನು ಯಾವಾಗ ಬರುತ್ತಾನೆ? ಎಂದು ಕೇಳಿದೆ’ ಎಂಬುದು ತಪ್ಪು. ‘ಎಂದು’ ಬರುವ ಮೊದಲೇ ವಾಕ್ಯ ಕತ್ತರಿಸಿಹೋಗುತ್ತದೆ. ಆಡಿದ ಮಾತನ್ನೇ ಉದ್ಧರಣ ಚಿಹ್ನೆಯೊಳಗೆ ಕೊಟ್ಟರೆ ಮಾತ್ರ ಅದರ ಒಳಗಡೆ ಇಡಿ: “ಯಾವಾಗ ಬರುತ್ತೀಯ?” ಎಂದು ಕೇಳಿದೆ.

ಹೆಜ್ಜೆ 4: ಚಿಹ್ನೆಯ ಹಿಂದೆ ಜಾಗ ಬಿಡಬೇಡಿ, ಮುಂದೆ ಬಿಡಿ. ಭಾವಸೂಚಕ ಚಿಹ್ನೆ ಒಂದೇ ಸಾಕು.

ಹೆಜ್ಜೆ 5: ಸಂಕ್ಷೇಪ. ‘ಡಾ.’, ‘ಕಿ.ಮೀ.’ ಎಂಬಲ್ಲಿ ಚುಕ್ಕೆ ಬೇಕು. ‘ಶ್ರೀ’ ಪೂರ್ಣ ಪದ, ಅದಕ್ಕೆ ಬೇಡ. ಲಗ್ನಪತ್ರಿಕೆಯಲ್ಲಿ ‘ಚಿ|| ಸೌ||’ ಎಂದು ಜೋಡಿ ಗೆರೆ ಎಳೆಯುವ ರೂಢಿ ನನಗೆ ಇಷ್ಟ. ಪದ್ಯದ ಕೊನೆಯಲ್ಲಿ ನಿಲ್ಲುತ್ತಿದ್ದ ಗೆರೆಗಳವು. ಆದರೆ ಒಂದೇ ಪತ್ರಿಕೆಯಲ್ಲಿ ಗೆರೆ, ಚುಕ್ಕೆ ಎರಡನ್ನೂ ಬೆರೆಸಬೇಡಿ. ‘ದಿ.’ ಎಂಬುದನ್ನು ದಿನಾಂಕಕ್ಕೆ ಎಂದೂ ಬಳಸಬೇಡಿ. ಹೆಸರಿನ ಹಿಂದೆ ಅದು ದಿವಂಗತ ಎಂದಾಗುತ್ತದೆ, ಮದುವೆಯ ಕರೆಯೋಲೆಯಲ್ಲಿ ಆ ಗೊಂದಲ ಬರಲೇಬಾರದು. ‘ದಿನಾಂಕ’ ಎಂದು ಪೂರ್ತಿ ಬರೆಯಲು ಎರಡಕ್ಷರ ಹೆಚ್ಚು, ಅಷ್ಟೇ.

ಹೆಜ್ಜೆ 6: ಕಳುಹಿಸುವ ಮುನ್ನ ಕಡತದಲ್ಲಿ ವಿವರಣ ಚಿಹ್ನೆಯನ್ನು, ಅಂದರೆ ಒಂದರ ಮೇಲೊಂದಿರುವ ಎರಡು ಚುಕ್ಕೆಗಳನ್ನು ಹುಡುಕಿಸಿ. ‘ವಿಷಯ:’ ಎಂಬಲ್ಲಿ ಅದು ಸರಿ. ‘ದು:ಖ’, ‘ಅಂತ:ಕರಣ’ ಎಂದು ಕಂಡರೆ ಅಲ್ಲಿರಬೇಕಾದದ್ದು ವಿಸರ್ಗ: ದುಃಖ, ಅಂತಃಕರಣ. ಕೀಲಿಮಣೆಯಲ್ಲಿ ವಿಸರ್ಗ ಕೈಗೆ ಸಿಗದೆ ಹತ್ತಿರದ್ದನ್ನು ಒತ್ತಿರುತ್ತಾರೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ‘ದುಃಖ’ ಎಂದು ಹುಡುಕಿದರೆ ‘ದು:ಖ’ ಸಿಗುವುದಿಲ್ಲ. ಅನುಸ್ವಾರದ ಜಾಗಕ್ಕೆ ಸೊನ್ನೆ ಅಂಕಿ ಒತ್ತಿದ ‘ಕ೦ಪನಿ’ಯದೂ ಇದೇ ಪಾಡು. ಹಳೆಯ ಅಕ್ಷರವಿನ್ಯಾಸದ (ಫಾಂಟ್) ಕಡತವನ್ನು ಪರಿವರ್ತಕ ತಂತ್ರಾಂಶಕ್ಕೆ ಹಾಕಿ ಯೂನಿಕೋಡ್, ಅಂದರೆ ಈಗ ಎಲ್ಲೆಡೆ ಬಳಸುವ ಅಕ್ಷರಸಂಕೇತಕ್ಕೆ ಬದಲಿಸಿದ್ದರೆ ಉದ್ಧರಣ ಚಿಹ್ನೆಗಳನ್ನೂ ಒಂದೊಂದಾಗಿ ನೋಡಿ. ತೆರೆದದ್ದು ಮುಚ್ಚಿದೆಯೇ ಎಂದು ಎಣಿಸಿದ ಮೇಲೆಯೇ ಕಳುಹಿಸಿ.