ಫೋಟೊದಲ್ಲಿ ಕಪ್ಪು ಕಲೆ: ಒರೆಸುವ ಮೊದಲು ಮೂಲವನ್ನು ಪತ್ತೆಹಚ್ಚುವ ಕ್ರಮ

ತಿಳಿ ಆಕಾಶದ ಅಥವಾ ಸುಣ್ಣ ಬಳಿದ ಗೋಡೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುವಾಗ ಅಂಚು ಮಸುಕಾದ ಬೂದು ಚುಕ್ಕೆಯೊಂದು ಕಂಡರೆ, ಬಹಳ ಮಂದಿ ಮೊದಲು ಮಾಡುವುದು ಲೆನ್ಸಿನ ಮುಂಭಾಗದ ಗಾಜನ್ನು ಒರೆಸುವ ಕೆಲಸ. ಆ ಗಾಜಿಗೂ ಈ ಚುಕ್ಕೆಗೂ ಸಾಮಾನ್ಯವಾಗಿ ಸಂಬಂಧವಿರುವುದಿಲ್ಲ. ಅಲ್ಲಿ ಕುಳಿತ ಧೂಳಿನ ನೆರಳು ಚಿತ್ರವನ್ನು ತಲುಪುವಷ್ಟರಲ್ಲಿ ಹರಡಿ ಕರಗಿಹೋಗಿರುತ್ತದೆ. ಬಿಸಿಲಿಗೆ ಎದುರಾಗಿ ತೆಗೆದಾಗ ಹೊಳಪಿನ ಮಚ್ಚೆಗಳು ಮೂಡಬಹುದು, ಕಾಂಟ್ರಾಸ್ಟ್ ತುಸು ಕುಗ್ಗಬಹುದು, ಅಷ್ಟೇ. ಲೆನ್ಸಿನ ಒಳಗೆ ಫಂಗಸ್ ಬೆಳೆದಾಗಲೂ, ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಇದು ಸಾಮಾನ್ಯ, ಮೊದಲು ಕಾಣುವುದು ಚಿತ್ರದ ಮಂಕುತನವೇ ಹೊರತು ಚುಕ್ಕೆಯಲ್ಲ.

ಹೀಗಾಗಿ ಬಟ್ಟೆಯನ್ನು ಬದಿಗಿಟ್ಟು, ಅದೇ ದಿನ ತೆಗೆದ ಬೇರೆ ಚಿತ್ರಗಳನ್ನು ನೋಡಬೇಕು. ಕಲೆ ಒಂದು ಚಿತ್ರದಲ್ಲಿದ್ದು ಮುಂದಿನದರಲ್ಲಿ ಇಲ್ಲವಾದರೆ, ಅಥವಾ ಜಾಗ ಬದಲಿಸಿದ್ದರೆ, ಅದು ಹಕ್ಕಿಯೋ ಕೀಟವೋ ಆಗಿರುವ ಸಾಧ್ಯತೆಯೇ ಹೆಚ್ಚು. ಎಲ್ಲದರಲ್ಲೂ ಅದೇ ಜಾಗದಲ್ಲಿದ್ದರೆ ಮೂಲ ಕ್ಯಾಮೆರಾದಲ್ಲಿದೆ. ಹೋಲಿಸುವಾಗ ಕ್ರಾಪ್ ಮಾಡದ ಮೂಲ ಕಡತಗಳನ್ನೇ ಬಳಸಬೇಕು. ಕ್ಯಾಮೆರಾವನ್ನು ಉದ್ದುದ್ದ ಹಿಡಿದು ತೆಗೆದ ಚಿತ್ರವನ್ನು ಸಾಫ್ಟ್‌ವೇರ್ ತಾನಾಗಿಯೇ ತಿರುಗಿಸಿ ತೋರಿಸುವುದರಿಂದ, ನಿಂತಲ್ಲೇ ನಿಂತ ಕಲೆಯೂ ಜಾಗ ಬದಲಿಸಿದಂತೆ ಕಾಣುತ್ತದೆ.

ಇನ್ನು ಪರೀಕ್ಷೆ. ಅಪರ್ಚರ್ ಪ್ರಯಾರಿಟಿ ಮೋಡ್‌ನಲ್ಲಿ ಐಎಸ್ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100 ಮತ್ತು ಎಫ್/22 ಇಟ್ಟು (ಲೆನ್ಸಿನಲ್ಲಿ ಬೆಳಕು ಹಾಯುವ ಕಿಂಡಿಯೇ ಅಪರ್ಚರ್, ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಕಿರಿದು), ಫೋಕಸನ್ನು ಕೈಯಾರೆ ಪೂರ್ತಿ ತಪ್ಪಿಸಿ, ಕಂಪ್ಯೂಟರಿನ ಖಾಲಿ ಬಿಳಿ ಪರದೆಯನ್ನೋ ಸೂರ್ಯನಿಲ್ಲದ ದಿಕ್ಕಿನ ಆಕಾಶವನ್ನೋ ಚಿತ್ರದ ತುಂಬ ತುಂಬಿಕೊಂಡು ಒಂದು ಫೋಟೊ ತೆಗೆಯಿರಿ. ಬಿಳಿ ಬೂದಾಗದಂತೆ ಎಕ್ಸ್‌ಪೋಷರನ್ನು ಒಂದು ಸ್ಟಾಪ್ (ಅಂದರೆ ಬೆಳಕು ಎರಡು ಪಟ್ಟು) ಹೆಚ್ಚಿಸಿಕೊಳ್ಳಿ. ಶಟರ್ ತೆರೆದಿರುವಾಗ ಕೈ ಅಲುಗಿದರೆ ಚಿಂತೆಯಿಲ್ಲ, ಬೇಕೆಂದೇ ಅಲುಗಿಸುವುದು ಇನ್ನೂ ಒಳ್ಳೆಯದು: ಹೊರಗಿನ ವಿವರಗಳು ಅಳಿಸಿಹೋಗುತ್ತವೆ, ಕ್ಯಾಮೆರಾದೊಳಗೆ ಬಿಂಬವನ್ನು ದಾಖಲಿಸುವ ಸೆನ್ಸರಿನ ಜೊತೆಗೇ ಚಲಿಸುವ ಧೂಳಿನ ಗುರುತು ಮಾತ್ರ ಉಳಿಯುತ್ತದೆ. ಬಳಿಕ ಎಫ್/4ರಲ್ಲಿ ಇನ್ನೊಂದು ತೆಗೆದು, ಎರಡರ ಕಾಂಟ್ರಾಸ್ಟನ್ನೂ ಹೆಚ್ಚಿಸಿ ಅಕ್ಕಪಕ್ಕ ಇಟ್ಟು ನೋಡಿ.

ಎಫ್/22ರಲ್ಲಿ ಚಿಕ್ಕದಾಗಿ, ಸ್ಪಷ್ಟವಾಗಿ ಕಂಡ ಕಲೆ ಎಫ್/4ರಲ್ಲಿ ಹರಡಿಕೊಂಡು ಮಾಯವಾಗಿದ್ದರೆ ಅದು ಸೆನ್ಸರ್ ಧೂಳು. ಧೂಳು ಕೂರುವುದು ಸೆನ್ಸರಿನ ಮೇಲಲ್ಲ, ಅದರ ಮುಂದಿರುವ ಫಿಲ್ಟರ್ ಗಾಜಿನ ಮೇಲೆ. ಈ ಅಂತರ ಒಂದು ಮಿಲಿಮೀಟರ್ ಎಂದಿಟ್ಟುಕೊಂಡರೆ, ಒಂದು ಬಿಂದುವಿಗೆ ಹೋಗುವ ಬೆಳಕಿನ ಶಂಕು ಗಾಜಿನ ಬಳಿ ಎಫ್/22ರಲ್ಲಿ ಸುಮಾರು 0.045 ಮಿಲಿಮೀಟರ್ ಅಗಲ ಇರುತ್ತದೆ, ಎಫ್/2.8ರಲ್ಲಿ 0.36 ಮಿಲಿಮೀಟರ್. 0.05 ಮಿಲಿಮೀಟರಿನ ಕಣವೊಂದು ಮೊದಲನೆಯದನ್ನು ಪೂರ್ತಿ ಮುಚ್ಚುತ್ತದೆ. ಎರಡನೆಯದರಲ್ಲಿ ಅದು ತಡೆಯುವುದು ನೂರಕ್ಕೆ ಎರಡು ಪಾಲು ಬೆಳಕನ್ನು ಮಾತ್ರ. ಮದುವೆಯಲ್ಲಿ ಎಫ್/2.8ರಲ್ಲೇ ಚಿತ್ರ ತೆಗೆಯುವವರು ವರ್ಷಗಟ್ಟಲೆ ಧೂಳನ್ನು ಗಮನಿಸದಿರಲು, ಎಫ್/16ರಲ್ಲಿ ಭೂದೃಶ್ಯ ತೆಗೆಯುವವರು ಅದರಿಂದ ರೋಸಿಹೋಗಲು ಇದೇ ಕಾರಣ. ಮ್ಯಾಕ್ರೊ ತೆಗೆಯುವವರ ಪಾಡು ಇನ್ನೂ ಕಷ್ಟ: ವಸ್ತು ತನ್ನ ನಿಜ ಗಾತ್ರದಲ್ಲೇ ಮೂಡುವಷ್ಟು ಹತ್ತಿರ ಹೋದಾಗ, ಎಫ್/16 ಎಂದಿಟ್ಟ ಲೆನ್ಸ್ ಎಫ್/32ರಂತೆ ವರ್ತಿಸುತ್ತದೆ.

ಯಾವ ಅಪರ್ಚರ್ ಇಟ್ಟರೂ ಒಂದೇ ಗಾತ್ರದಲ್ಲಿ, ಗೆರೆ ಕೊರೆದಷ್ಟು ಸ್ಪಷ್ಟವಾಗಿರುವ ಸಣ್ಣ ಚುಕ್ಕೆ ಸತ್ತ ಪಿಕ್ಸೆಲ್ ಆಗಿರಬಹುದು. ಅದು ಒರೆಸಿದರೆ ಹೋಗುವುದಿಲ್ಲ. ಡಿಎಸ್‌ಎಲ್‌ಆರ್‌ನ (ಒಳಗೆ ಕನ್ನಡಿಯಿರುವ ಕ್ಯಾಮೆರಾದ) ವ್ಯೂಫೈಂಡರಿನಲ್ಲಿ, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ, ಮಾತ್ರ ಕಂಡು ಫೋಟೊದಲ್ಲಿ ಕಾಣದ ಕಸ ಕನ್ನಡಿಯ ಅಥವಾ ಫೋಕಸಿಂಗ್ ಸ್ಕ್ರೀನಿನ ಮೇಲಿದೆ, ಅದನ್ನು ಮುಟ್ಟದಿರುವುದೇ ಲೇಸು. ಇನ್ನೊಂದು ಲೆನ್ಸ್ ಹಾಕಿದಾಗ ಕಲೆ ಹೋದರೆ ದೋಷ ಮೊದಲ ಲೆನ್ಸಿನದು.

ಕಪ್ಪು ಚುಕ್ಕೆಯ ರೂಪದಲ್ಲಿಲ್ಲದಿದ್ದರೆ ಕಾರಣವೂ ಬೇರೆ. ಫ್ಲ್ಯಾಶ್ ಬಳಸಿದಾಗ ಚಿತ್ರದ ಒಂದು ಬದಿಗೆ ದಪ್ಪ ಪಟ್ಟಿ ಬಂದರೆ ಶಟರ್ ವೇಗ ಸಿಂಕ್ ಮಿತಿಯನ್ನು (ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ಹೆಚ್ಚಿನ ವೇಗವನ್ನು) ದಾಟಿದೆ. ಹೆಚ್ಚಿನ ಕ್ಯಾಮೆರಾಗಳಲ್ಲಿ ಈ ಮಿತಿ 1/200 ಅಥವಾ 1/250 ಸೆಕೆಂಡಿನ ಆಸುಪಾಸಿನಲ್ಲಿರುತ್ತದೆ. ಕ್ಯಾಮೆರಾದಲ್ಲೇ ಇರುವ ಫ್ಲ್ಯಾಶ್ ಹಚ್ಚಿದಾಗ ಕೆಳಗಡೆ ಅರ್ಧಚಂದ್ರದಂತೆ ಮೂಡುವುದು ಲೆನ್ಸ್ ಹುಡ್‌ನ ನೆರಳು. ಸಭಾಂಗಣದ ಎಲ್ಇಡಿ ದೀಪಗಳಡಿ ಅಡ್ಡಡ್ಡ ಪಟ್ಟಿಗಳು ಬಂದರೆ, ನಮ್ಮ ವಿದ್ಯುತ್ತು 50 ಹರ್ಟ್ಜ್ ಆಗಿರುವುದರಿಂದ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತಿರಬಹುದು. ಶಟರನ್ನು 1/100 ಅಥವಾ 1/50ಕ್ಕೆ ಇಳಿಸಿ ನೋಡಿ.

ಧೂಳೆಂದು ಖಚಿತವಾದ ಮೇಲೆ ಮೊದಲು ಮೆನುವಿನಲ್ಲಿರುವ ಸೆನ್ಸರ್ ಕ್ಲೀನಿಂಗನ್ನು ಚಲಾಯಿಸಿ. ಗಾಜನ್ನು ಕಂಪಿಸಿ ಧೂಳು ಕೊಡವುವ ಈ ಏರ್ಪಾಡು 2003ರ ಒಲಿಂಪಸ್ ಇ-1 ಕ್ಯಾಮೆರಾದಲ್ಲಿ ಮೊದಲು ಬಂತು. ಒಣ ಧೂಳಿಗೆ ಅದು ಚೆನ್ನಾಗಿ ನಡೆಯುತ್ತದೆ, ಜಿಗುಟಿಗೆ ನಡೆಯುವುದಿಲ್ಲ. ಅದರಿಂದಾಗದಿದ್ದರೆ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಡಿಎಸ್‌ಎಲ್‌ಆರ್ ಆಗಿದ್ದರೆ ಕೈಯಿಂದ ಶುಚಿಗೊಳಿಸುವ ಆಯ್ಕೆಯಿಂದ ಕನ್ನಡಿಯನ್ನು ಮೇಲೆತ್ತಿಸಿ, ಕ್ಯಾಮೆರಾದ ಬಾಯಿಯನ್ನು ನೆಲಮುಖವಾಗಿ ಹಿಡಿದು, ರಬ್ಬರ್ ಬ್ಲೋವರಿನ ತುದಿ ಒಳಗೆ ತಾಗದಂತೆ ಗಾಳಿ ಹಾಯಿಸಬೇಕು. ಬಾಯಿಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಒತ್ತಡದ ಗಾಳಿಯ ಡಬ್ಬಿಗಳು ದ್ರವವನ್ನೇ ಉಗುಳಬಹುದು. ಕಣವನ್ನು ಕಣ್ಣಾರೆ ಹುಡುಕುವುದಾದರೆ ಒಂದು ವಿಷಯ ನೆನಪಿರಲಿ: ಲೆನ್ಸ್ ಬಿಂಬವನ್ನು ತಲೆಕೆಳಗು ಮಾಡುವುದರಿಂದ, ಚಿತ್ರದ ಮೇಲಿನ ಎಡ ಮೂಲೆಯ ಕಲೆ, ಕ್ಯಾಮೆರಾವನ್ನು ನೇರವಾಗಿಟ್ಟು ಮುಂದಿನಿಂದ ನೋಡಿದಾಗ ಕೆಳಗಿನ ಎಡ ಮೂಲೆಯಲ್ಲಿರುತ್ತದೆ.

ಗಾಳಿಗೂ ಹೋಗದಿದ್ದರೆ ಸ್ವಾಬ್ (ತುದಿಗೆ ಬಟ್ಟೆ ಸುತ್ತಿದ ಚಪ್ಪಟೆ ಕಡ್ಡಿ) ಮತ್ತು ಸೆನ್ಸರಿಗೆಂದೇ ಮಾಡಿದ ದ್ರವ ಬೇಕಾಗುತ್ತದೆ. ಫುಲ್‌ಫ್ರೇಮ್‌ಗೆ 24 ಮಿಲಿಮೀಟರ್, ಅದಕ್ಕಿಂತ ಚಿಕ್ಕ ಸೆನ್ಸರಾದ ಎಪಿಎಸ್-ಸಿಗೆ 16 ಮಿಲಿಮೀಟರ್ ಅಗಲದ ಸ್ವಾಬ್ ತೆಗೆದುಕೊಂಡು, ಒಂದೆರಡು ಹನಿ ಮಾತ್ರ ಹಾಕಿ, ಒಂದು ಬದಿಯಿಂದ ಇನ್ನೊಂದಕ್ಕೆ ಒಮ್ಮೆ ಎಳೆದು, ಮಗ್ಗುಲು ಬದಲಿಸಿ ಮರಳಿ ಒಮ್ಮೆ ಎಳೆದು ಬಿಸಾಡಬೇಕು. ಬ್ಲೋವರ್ ಹಾಯಿಸದೆ ಸ್ವಾಬ್ ಎಳೆದರೆ ಮರಳಿನ ಕಣವೇ ಗಾಜನ್ನು ಗೀರುತ್ತದೆ. ಕೈ ನಡುಗುವವರು ಈ ಕೆಲಸವನ್ನು ಸರ್ವಿಸ್ ಸೆಂಟರಿಗೆ ಒಪ್ಪಿಸುವುದು ಉತ್ತಮ. ಶುಚಿಗೊಳಿಸಿದ ಸ್ವಲ್ಪ ದಿನಗಳಲ್ಲೇ ಅದೇ ಭಾಗದಲ್ಲಿ ದುಂಡನೆಯ ಕಲೆಗಳು ಮತ್ತೆ ಬಂದರೆ ಶಟರಿನ ಎಣ್ಣೆ ಸಿಡಿಯುತ್ತಿರಬಹುದು. 2012ರ ನಿಕಾನ್ ಡಿ600ರಲ್ಲಿ ಇಂಥ ಕಲೆಗಳ ದೂರು ವ್ಯಾಪಕವಾಗಿ, ಕಂಪನಿಯೇ ಉಚಿತ ದುರಸ್ತಿಗೆ ಮುಂದಾಯಿತು. ಅಂಥ ಸಂದರ್ಭದಲ್ಲಿ ಪರೀಕ್ಷೆಯ ಎಫ್/22 ಚಿತ್ರಗಳನ್ನು ದಿನಾಂಕಸಹಿತ ಉಳಿಸಿಕೊಂಡು, ವಾರಂಟಿ ಮುಗಿಯುವ ಮೊದಲೇ ಕ್ಯಾಮೆರಾದೊಂದಿಗೆ ಸರ್ವಿಸ್ ಸೆಂಟರಿನಲ್ಲಿ ತೋರಿಸಬೇಕು.